ಬದುವಿನ ಮೇಲಿದ್ದ ಹುತ್ತ

ನಮ್ಮಜ್ಜಿಗೆ ಜೂನ್, ಜುಲೈ ಗೊತ್ತಿರಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದದ್ದು ಮಳೆಗಳಲ್ಲಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ. ನಾನು ಹುಟ್ಟಿದ್ದು ಯಾವಾಗ ಅಂತ ಕೇಳಿದರೆ "ಹುಬ್ಬೆ ಮಳೇಲಿ ಕಣೇ, ಹೊಲದಾಗೆ ಕಳೆ ಕೀಳ್ತಿದ್ವಿ" ಅನ್ನುತ್ತಿದ್ದಳು. ಸ್ಕೂಲಿನಲ್ಲಿ ಬರೆಸಿರುವ ಹುಟ್ಟಿದ ದಿನಕ್ಕೂ ಹುಬ್ಬೆಗೂ ಮೂರು ತಿಂಗಳ ವ್ಯತ್ಯಾಸ ಇದೆ. ನಾನು ಅಜ್ಜಿಯನ್ನೇ ನಂಬುತ್ತೇನೆ.

ಅಣಬೆಗೂ ಅವಳ ಹತ್ತಿರ ಲೆಕ್ಕ ಇತ್ತು. ಆರಿದ್ರ ಹಿಡಿದ ಮೇಲೆ ಒಂದು ರಾತ್ರಿ ಚೆನ್ನಾಗಿ ಗುಡುಗಬೇಕು. ಆಮೇಲೆ ನೆಲ ಎರಡು ದಿನ ಬೆವರಬೇಕು. ಮೂರನೇ ದಿನ ಕೋಳಿ ಕೂಗುವ ಹೊತ್ತಿಗೆ ಮಂಕರಿ ಹಿಡಿದು ಹೊರಡಬೇಕು. ಹೊತ್ತೇರಿದ ಮೇಲೆ ಹೋದರೆ ಹುಳ ಬಿದ್ದಿರುತ್ತೆ, ಇಲ್ಲಾ ಪಕ್ಕದ ಮನೆಯವರು ಕಿತ್ತಿರುತ್ತಾರೆ. ಎರಡನೆಯದೇ ಅವಳಿಗೆ ದೊಡ್ಡ ಚಿಂತೆ. ಯಾವ ಹುತ್ತದಲ್ಲಿ ಅಣಬೆ ಏಳುತ್ತೆ ಅನ್ನುವುದನ್ನು ಸ್ವಂತ ತಂಗಿಗೂ ಹೇಳಿದವಳಲ್ಲ. ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಬಹುಶಃ ನಾನು ಎಳೆಯವಳು, ದಾರಿ ನೆನಪಿಟ್ಟುಕೊಳ್ಳುವುದಿಲ್ಲ ಅಂತ.

ನಮ್ಮೂರು ತುಮಕೂರಿನಿಂದ ದೂರವೇನಿಲ್ಲ. ದೇವರಾಯನದುರ್ಗದ ಬೆಟ್ಟದ ಬುಡ, ಊರ್ಡಿಗೆರೆ ಕಡೆ. "ತುಮಕೂರಲ್ಲಿ ಕಾಡು ಎಲ್ರೀ ಇದೆ?" ಅಂತ ಸಾಗರದ ಕಡೆಯ ಸಹೋದ್ಯೋಗಿಯೊಬ್ಬರು ನಗುತ್ತಾರೆ. ತಲೆ ಎತ್ತಿದರೆ ಆಕಾಶ ಕಾಣಬಾರದು, ಕಾಲಿಗೆ ಇಂಬಳ ಹತ್ತಬೇಕು, ಆಗಲೇ ಅವರಿಗೆ ಅದು ಕಾಡು. ನಮ್ಮದು ಕುರುಚಲು. ಬಂಡೆ, ಕಾರೆಮುಳ್ಳು, ತಂಗಡಿ, ದಿಂಡಿಗ, ಕಮರ, ಮೊಣಕಾಲುದ್ದದ ಬಾದೆ ಹುಲ್ಲು. ಮಾರ್ಚಿಯಲ್ಲಿ ನೋಡಿದರೆ ಎಲ್ಲ ಸತ್ತೇ ಹೋಗಿದೆ ಅನ್ನಿಸುತ್ತೆ. ಆದರೆ ಜಯಮಂಗಲಿ ಹುಟ್ಟುವುದು ಈ ಬೆಟ್ಟದಲ್ಲೇ. ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಹಕ್ಕಿ ಇಲ್ಲಿದೆ. ಅದಕ್ಕೆ ಬೇಕಿರುವುದು ಇಂಥ ಬಂಡೆ, ಇಂಥ ಪೊದೆ. ಸಾಗರದ ಕಾಡಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಇದನ್ನು ನಾನು ಸಹೋದ್ಯೋಗಿಗೆ ಎರಡು ಸಲ ಹೇಳಿದ್ದೇನೆ. ಅವರು ಎರಡು ಸಲವೂ ಟೀ ಕುಡಿಯಲು ಎದ್ದು ಹೋದರು.

ಕಾಡು ಅನ್ನಿಸದ ಕಾಡಿಗೆ ಒಂದು ಶಾಪ ಇದೆ. ಅದನ್ನು ಯಾರು ನೋಡಿದರೂ ಖಾಲಿ ಜಾಗ ಅಂದುಕೊಳ್ಳುತ್ತಾರೆ. ನಾನು ಚಿಕ್ಕವಳಿದ್ದಾಗ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ತುಮಕೂರು, ಕೋಲಾರದ ಕಡೆಯೆಲ್ಲ ನೀಲಗಿರಿ ಹಾಕಿದರು. ನಮ್ಮೂರ ಗೋಮಾಳದ ಅರ್ಧಕ್ಕೂ ನೀಲಗಿರಿ ಬಂತು. ಅದರ ನೆರಳಲ್ಲಿ ಹುಲ್ಲೂ ಸರಿಯಾಗಿ ಬರಲಿಲ್ಲ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಆದೇಶ ಮಾಡಿತು. ಅಷ್ಟು ಹೊತ್ತಿಗೆ ಆ ಕಡೆ ಅಣಬೆ ಹುಡುಕಿಕೊಂಡು ಹೋಗುವವರೇ ಇರಲಿಲ್ಲ.

ಹುತ್ತಕ್ಕೂ ಅಣಬೆಗೂ ಏನು ಸಂಬಂಧ? ಅಜ್ಜಿಯನ್ನು ಕೇಳಿದರೆ "ನಾಗಪ್ಪ ಕೊಡೋದು" ಅಷ್ಟೇ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಗಾದೆ ಗೊತ್ತಲ್ಲ, ಅದೇ ಕಥೆ ಇಲ್ಲೂ. ಕೆಲಸ ಗೆದ್ದಲಿನದು, ಹೆಸರು ನಾಗಪ್ಪನದು.

ನಿಜವಾದ ಲೆಕ್ಕ ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಗೆದ್ದಲು ಬೇಸಾಯ ಮಾಡುತ್ತದೆ. ಒಣಗಿದ ಎಲೆ, ಕಡ್ಡಿ, ಹುಲ್ಲು ತಂದು ತಿಂದು, ನೆಲದೊಳಗೆ ಸ್ಪಂಜಿನ ಹಾಗಿರುವ ಒಂದು ತೋಟ ಕಟ್ಟುತ್ತದೆ. ಅದರ ಮೇಲೆ ಒಂದು ಬಗೆಯ ಶಿಲೀಂಧ್ರ ಬೆಳೆಸುತ್ತದೆ. ಮರದ ಗಟ್ಟಿ ನಾರನ್ನು ಆ ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ, ಆಮೇಲೆ ಗೆದ್ದಲು ಅದನ್ನೂ ಶಿಲೀಂಧ್ರವನ್ನೂ ತಿನ್ನುತ್ತದೆ. ಇವರಿಬ್ಬರ ಈ ಒಪ್ಪಂದ ಸುಮಾರು 3 ಕೋಟಿ ವರ್ಷ ಹಳೆಯದು. ಮನುಷ್ಯ ಬೇಸಾಯ ಕಲಿತು ಹತ್ತು ಹನ್ನೆರಡು ಸಾವಿರ ವರ್ಷ ಆಗಿರಬಹುದು. ಫ್ರಾನ್ಸಿನ ರೋಜರ್ ಹೀಮ್ 1942ರಲ್ಲಿ ಈ ಅಣಬೆಗಳ ಗುಂಪಿಗೆ ಟರ್ಮಿಟೊಮೈಸಿಸ್ ಅಂತ ಹೆಸರಿಟ್ಟರು. ಗೆದ್ದಲಿನ ಅಣಬೆ ಅಂತಲೇ ಅರ್ಥ. ಕೊನೆಗೂ ಯಾರೋ ಒಬ್ಬರು ಗೆದ್ದಲಿನ ಹೆಸರು ಹೇಳಿದರಲ್ಲ!

ನಾವು ತಿನ್ನುವ ಕೊಡೆ ಆ ತೋಟದಿಂದ ಮೇಲೆ ಬಂದ ತುದಿ ಮಾತ್ರ. ಕೆಳಗೆ ಬೇರಿನಂಥ ಉದ್ದನೆಯ ಕಾಂಡ ತೋಟದವರೆಗೂ ಇಳಿದಿರುತ್ತದೆ. ಚಿಕ್ಕವಳಿದ್ದಾಗ ನಾನು ಅದನ್ನು ಎಳೆದು, ಎಳೆದು, ಮುಗಿಯುವುದೇ ಇಲ್ಲ ಅಂತ ಹೆದರಿ ಕೈಬಿಟ್ಟಿದ್ದೆ. ಗೆದ್ದಲು ಇಲ್ಲದೆ ಈ ಅಣಬೆಯನ್ನು ಬೆಳೆದು ಮಾರಲು ಇನ್ನೂ ಯಾರಿಗೂ ಆಗಿಲ್ಲ. ಚಿಪ್ಪಣಬೆ ಬೇಕು ಅಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೀಜ ಸಿಗುತ್ತದೆ, ಮನೆಯ ಮೂಲೆಯಲ್ಲಿ ಹುಲ್ಲಿನ ಚೀಲದಲ್ಲೇ ಬೆಳೆಯಬಹುದು. ಬಟನ್ ಅಣಬೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದರ ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒದ್ದೆ ರಟ್ಟು ತಿಂದವರಿಗೆ ಗೊತ್ತಿರುತ್ತದೆ.

ಹುತ್ತದ ಅಣಬೆಯ ಸಾರಿಗೆ ನಮ್ಮನೆಯಲ್ಲಿ ಬಾಡಿನ ಮಸಾಲೆಯನ್ನೇ ಅರೆಯುತ್ತಿದ್ದರು. ಧನಿಯಾ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಒಂದು ಹಿಡಿ ಕಾಯಿ, ಗಟ್ಟಿ ಬರಲು ಹುರಿಗಡಲೆ. ಕೊಡೆಯನ್ನು ಕತ್ತರಿಸುತ್ತಿರಲಿಲ್ಲ, ಕೈಯಲ್ಲೇ ಸೀಳುತ್ತಿದ್ದರು. ಕಾಂಡ ಕೋಳಿಯ ಎದೆ ಮಾಂಸದ ಹಾಗೆ ಎಳೆ ಎಳೆಯಾಗಿ ಬರುತ್ತಿತ್ತು. ಬಿಸಿ ಮುದ್ದೆ ಮುರಿದು ಅದ್ದಿಕೊಂಡರೆ ಆ ದಿನ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಬೀದಿಯ ಆಚೆ ಕೊನೆಯಲ್ಲಿ ಒಂದು ಮನೆಯವರು ಅಣಬೆ ಮುಟ್ಟುತ್ತಿರಲಿಲ್ಲ, ಬಾಡಿನ ವಾಸನೆ ಬರುತ್ತೆ ಅಂತ. ಆ ಮನೆಯ ಹುಡುಗ ಹಿತ್ತಲ ಬಾಗಿಲಿಗೆ ಬಂದು ಒಂದು ಬಟ್ಟಲು ಸಾರು ಕುಡಿದು, ಬಾಯಿ ತೊಳೆದುಕೊಂಡು ಹೋಗುತ್ತಿದ್ದ. ಈಗ ಅವನೂ ಅಜ್ಜ.

ಗುಡುಗಿನ ಮಾತು ಸುಮ್ನೆ ನಂಬಿಕೆ ಅಂದುಕೊಂಡಿದ್ದೆ. ಆದರೆ ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದ್ದಾರೆ. ಅಲ್ಲೂ ರೈತರು ಸಿಡಿಲು ಬಿದ್ದರೆ ಅಣಬೆ ಜಾಸ್ತಿ ಅನ್ನುತ್ತಿದ್ದರಂತೆ. ಅಣಬೆ ಬೆಳೆಸುವ ಮರದ ತುಂಡುಗಳಿಗೆ ಕೃತಕ ಸಿಡಿಲು ಹೊಡೆಸಿದಾಗ ಕೆಲವು ಜಾತಿಗಳ ಬೆಳೆ ಹತ್ತಿರ ಹತ್ತಿರ ಎರಡರಷ್ಟು ಆಯಿತು. ನಮ್ಮ ಹುತ್ತಕ್ಕೆ ಇದು ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಗುಡುಗಿನ ಜೊತೆ ಬರುವ ಮಳೆ, ಸೆಕೆ ಇವೇ ಸಾಕಾಗಬಹುದು. ಅಜ್ಜಿ ಇದ್ದಿದ್ದರೆ ಹೇಳುತ್ತಿದ್ದೆ, ಅಷ್ಟೇ.

ಈಗ ಒಂದು ನಾಚಿಕೆಯ ಕಥೆ. 2019ರಲ್ಲಿ, ಅಜ್ಜಿ ಹೋದ ಮರುವರ್ಷ, ನಾನು ಕೆಲಸ ಮಾಡುವ ಜಾಗದ ಹುಲ್ಲುಹಾಸಿನಲ್ಲಿ ಮಳೆ ಬಿದ್ದ ಮಾರನೆಯ ದಿನ ದೊಡ್ಡ ದೊಡ್ಡ ಬಿಳಿ ಕೊಡೆಗಳು ಎದ್ದಿದ್ದವು. ನೋಡಲು ಎಷ್ಟು ಚೆಂದ ಅಂದರೆ, ಬ್ಯಾಗಿನಲ್ಲಿ ತುಂಬಿಕೊಂಡು ಬಂದೆ. ಅರಿಶಿನದ ನೀರಿಗೆ ಹಾಕಿ ನೋಡಿದೆ, ಕಪ್ಪಾಗಲಿಲ್ಲ. ಬೆಳ್ಳುಳ್ಳಿ ಹಾಕಿ ಕುದಿಸಿದೆ, ಅದೂ ಕಪ್ಪಾಗಲಿಲ್ಲ. ಊಟ ಆಗಿ ಎರಡು ಗಂಟೆಯಲ್ಲಿ ಮನೆಯವರಿಗೂ ನನಗೂ ವಾಂತಿ ಶುರುವಾಯಿತು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆವು. ಮಗಳು ಅಣಬೆ ತಿನ್ನುವುದಿಲ್ಲ ಅಂತ ಹಟ ಮಾಡಿ ಮೊಸರನ್ನ ತಿಂದಿದ್ದಳು, ಪುಣ್ಯ.

ಅದು ಹಸಿರು ಪದರದ ಅಣಬೆ ಅಂತ ಆಮೇಲೆ ಗೊತ್ತಾಯಿತು. ಎಳೆಯದಿದ್ದಾಗ ಕೊಡೆಯ ಕೆಳಗಿನ ಪದರ ಬೆಳ್ಳಗೇ ಇರುತ್ತದೆ, ಬಲಿತ ಮೇಲೆ ಹಸಿರಿಗೆ ತಿರುಗುತ್ತದೆ. ಹುಲ್ಲುಹಾಸು, ಮೈದಾನದಲ್ಲಿ ಬರುವ ಅಣಬೆ ಅದು. ಅರಿಶಿನ, ಬೆಳ್ಳುಳ್ಳಿ, ಬೆಳ್ಳಿ ಕಾಸು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅನ್ನುವ ಮಾತು, ಎಲ್ಲ ಸುಳ್ಳು. ದಯವಿಟ್ಟು ಯಾರೂ ನಂಬಬೇಡಿ. ಬೇಗ ವಾಂತಿ ಬರಿಸುವ ಅಣಬೆ ಒಂದು ಲೆಕ್ಕಕ್ಕೆ ಒಳ್ಳೆಯದು. ಇನ್ನೊಂದು ಬಗೆ ಇದೆ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆ, ಕೆಲವೊಮ್ಮೆ ಒಂದು ದಿನದವರೆಗೂ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿ ಭೇದಿ ಆಗಿ, ನಡುವೆ ವಾಸಿಯಾದ ಹಾಗೆ ಕಂಡು, ಅಷ್ಟರಲ್ಲಿ ಲಿವರ್ ಕೈಕೊಟ್ಟಿರುತ್ತದೆ. ಅಜ್ಜಿಯ ನಿಯಮ ಒಂದೇ ಇತ್ತು: ಗೊತ್ತಿರುವ ಹುತ್ತ ಬಿಟ್ಟು ಬೇರೆ ಕಡೆ ಎದ್ದದ್ದೆಲ್ಲ ನಾಯಿಕೊಡೆ. ಅದನ್ನು ಅವಳು ಕಾಲಲ್ಲೂ ಮುಟ್ಟುತ್ತಿರಲಿಲ್ಲ. ನಾನು ಪುಸ್ತಕ ಓದಿದವಳು, ಮುಟ್ಟಿದೆ.

ಆ ರಾತ್ರಿಯ ನಂತರ ಒಂದು ನೋಟ್‌ಬುಕ್ ಇಟ್ಟೆ. ಯಾವ ಮಳೆ, ಎಷ್ಟು ದಿನ, ಗುಡುಗಿತೋ ಇಲ್ಲವೋ, ಊರಲ್ಲಿ ಯಾರಿಗಾದರೂ ಅಣಬೆ ಸಿಕ್ಕಿತೋ. ಇಂಗ್ಲೆಂಡಿನ ಸಾಲ್ಸ್‌ಬರಿ ಎಂಬ ಊರಿನ ಸುತ್ತ ಎಡ್ವರ್ಡ್ ಗ್ಯಾಂಜ್ ಅನ್ನುವವರು 1950ರಿಂದ ಐವತ್ತಕ್ಕೂ ಹೆಚ್ಚು ವರ್ಷ ಇದನ್ನೇ ಮಾಡಿದ್ದರು. ಅವರೇನೂ ವಿಜ್ಞಾನಿಯಲ್ಲ, ಹವ್ಯಾಸಕ್ಕೆ ಬರೆದಿಟ್ಟವರು. ಅವರ ಮಗ ವಿಜ್ಞಾನಿ. ಅಪ್ಪನ ಪಟ್ಟಿಗಳನ್ನು ಲೆಕ್ಕಕ್ಕೆ ಕೂರಿಸಿ ನೋಡಿದರೆ, 1950ರ ದಶಕದಲ್ಲಿ ಶರತ್ಕಾಲದ ಅಣಬೆ ಏಳುವ ಕಾಲ ಸರಾಸರಿ 33 ದಿನ ಇತ್ತು, ಈ ಶತಮಾನಕ್ಕೆ ಬರುವಾಗ 75 ದಿನಕ್ಕೆ ಹಿಗ್ಗಿತ್ತು. 2007ರಲ್ಲಿ ಇದು ಪ್ರಕಟವಾಯಿತು. ಅಲ್ಲಿನ ಕಾಡಿನ ಹವಾಮಾನ ಬದಲಾಗಿದ್ದನ್ನು ಅಣಬೆಯೇ ಹೇಳಿತು. ನನಗೆ ಹೊಟ್ಟೆಕಿಚ್ಚಾದದ್ದು ಪಟ್ಟಿಯ ಮೇಲೆ. ಅಜ್ಜಿಯ ತಲೆಯಲ್ಲೂ ಐವತ್ತು ವರ್ಷದ ಪಟ್ಟಿ ಇತ್ತು. ಅವಳ ಜೊತೆ ಮಣ್ಣಿಗೆ ಹೋಯಿತು.

ನನ್ನ ಪಟ್ಟಿ ಚಿಕ್ಕದು. ಅದರಿಂದ ದೊಡ್ಡ ಮಾತು ಹೇಳಲು ಬರುವುದಿಲ್ಲ. 2022ರಲ್ಲಿ ಮಳೆ ಬಿಡಲೇ ಇಲ್ಲ, ಕೆರೆಗಳೆಲ್ಲ ಕೋಡಿ ಬಿದ್ದವು, ಅಣಬೆ ಮೂರು ಸಲ ಸಿಕ್ಕಿತು, ಒಂದು ಸಲವಂತೂ ಹಸ್ತದ ಮಳೆಯಲ್ಲಿ. ಮರುವರ್ಷ, 2023, ಪುಟ ಪೂರ್ತಿ ಖಾಲಿ. 1901ರಿಂದ ದಾಖಲೆ ಇಟ್ಟಾಗಿನಿಂದ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅನ್ನುತ್ತಾರೆ. ಆ ವರ್ಷದ ಮಘೆಯಲ್ಲಿ ನಾನು ಹುತ್ತದ ಹತ್ತಿರ ಹೋದಾಗ ಚಪ್ಪಲಿಯ ಕೆಳಗೆ ಹುಲ್ಲು ಹಪ್ಪಳದ ಹಾಗೆ ಮುರಿಯುತ್ತಿತ್ತು.

ಒಟ್ಟು ಮಳೆ ಕಡಿಮೆಯಾಗಿದೆ ಅನ್ನುವುದಕ್ಕಿಂತ ಮಳೆ ಬರುವ ರೀತಿ ಬೇರೆಯಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಿಡಿದುಕೊಂಡದ್ದನ್ನು ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ನಮ್ಮ ಕೆಂಪು ಮಣ್ಣು ಕಾದು ಗಟ್ಟಿಯಾಗಿರುತ್ತದೆ. ಒಂದು ಗಂಟೆಯ ಬಿರುಮಳೆ ಅದರ ಮೇಲೆ ಹರಿದು ಹಳ್ಳ ಸೇರುತ್ತದೆ, ಒಳಗೆ ಇಳಿಯುವುದೇ ಇಲ್ಲ. ಅಜ್ಜಿ ಹೇಳುತ್ತಿದ್ದ ನೆಲ ಬೆವರುವ ಎರಡು ದಿನ ಇದೆಯಲ್ಲ, ಅದೇ ಇಲ್ಲ. ಗುಡುಗುತ್ತದೆ, ಮಾರನೆಯ ದಿನ ಬಿಸಿಲು ನೆತ್ತಿ ಸೀಳುತ್ತದೆ.

ಹೋದ ವರ್ಷ ಬೆಟ್ಟದ ಕಡೆ ಹೋಗಿದ್ದಾಗ ಫಾರೆಸ್ಟ್ ಗಾರ್ಡ್ ಒಬ್ಬರು ನಿಲ್ಲಿಸಿದರು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಏನು ಕಿತ್ತರೂ ತಪ್ಪು, ಅದು ನನಗೂ ಗೊತ್ತು. ನಾನು ಗಡಿಯ ಈಚೆಗೇ ಇದ್ದೆ, ಆದರೂ ಮಂಕರಿ ನೋಡಿ ಕೇಳಿದರು.

"ಅಣಬೆಗಾ ಮೇಡಂ?"

"ಹೂಂ ಸಾರ್. ಏನೂ ಸಿಕ್ಕಿಲ್ಲ."

"ಈ ಸಲ ಎಲ್ಲೂ ಇಲ್ಲ ಬಿಡಿ. ನಮ್ಮಮ್ಮನೂ ದಿನಾ ಕೇಳ್ತದೆ."

ಹತ್ತು ನಿಮಿಷ ಬಂಡೆಯ ಮೇಲೆ ಕೂತು ಮಾತಾಡಿದೆವು. ಅವರ ಕಷ್ಟ ಅಣಬೆ ಕೀಳುವವರಲ್ಲ. ಫೆಬ್ರವರಿ, ಮಾರ್ಚಿಯಲ್ಲಿ ಬಾದೆ ಹುಲ್ಲಿಗೆ ಬೆಂಕಿ ಹಾಕುತ್ತಾರೆ, ಹೊಸ ಹುಲ್ಲು ಚಿಗುರಲಿ ಅಂತ. ಕೆಲವು ಸಲ ಭಾನುವಾರ ಬೈಕಿನಲ್ಲಿ ಬಂದವರ ಬೀಡಿ. ಬೆಂಕಿ ರೇಖೆ ಮಾಡಿದ್ದರೂ ಗಾಳಿ ಬಂದರೆ ಹಾರಿಕೊಂಡು ದಾಟುತ್ತದೆ. ಉದುರಿದ ಎಲೆ, ಕಡ್ಡಿಯೆಲ್ಲ ಬೂದಿ. ನಾನು ಅಲ್ಲೇ ಯೋಚನೆ ಮಾಡಿದೆ: ಅದು ಗೆದ್ದಲಿನ ಗೊಬ್ಬರ, ಗೆದ್ದಲಿನ ಊಟ. ಅದು ಸುಟ್ಟರೆ ಆಳದಲ್ಲಿರುವ ತೋಟಕ್ಕೆ ಹಾಕಲು ಏನಿದೆ?

ಕಾನೂನಿನ ಮಾತು ಬಂದದ್ದಕ್ಕೆ ಒಂದು ಚಿಕ್ಕ ತಮಾಷೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನ ಅಂದರೆ ಸಸ್ಯಮೂಲದ್ದು ಅಂತ ಹೇಳಿ ಬಿದಿರು, ಜೇನು, ಮೇಣ, ಅರಗು, ಬೇರು, ಗೆಡ್ಡೆ ಎಂದೆಲ್ಲ ಪಟ್ಟಿ ಕೊಟ್ಟಿದ್ದಾರೆ. ಅಣಬೆಯ ಹೆಸರಿಲ್ಲ. ವಿಜ್ಞಾನದ ಪ್ರಕಾರ ಅಣಬೆ ಸಸ್ಯವೂ ಅಲ್ಲ. ಹಾಗಂತ ಜೇನು ಯಾವ ಗಿಡದಲ್ಲಿ ಬಿಡುತ್ತದೋ ನನಗೆ ಗೊತ್ತಿಲ್ಲ.

ಕಿತ್ತರೆ ಅಣಬೆ ಕಡಿಮೆಯಾಗುತ್ತದಾ ಅನ್ನುವುದನ್ನು ಸ್ವಿಟ್ಜರ್ಲೆಂಡಿನಲ್ಲಿ 1975ರಿಂದ 29 ವರ್ಷ ಅಳೆದು ನೋಡಿದ್ದಾರೆ. ಒಂದು ಜಾಗದಲ್ಲಿ ಎಲ್ಲವನ್ನೂ ಕಿತ್ತರು, ಪಕ್ಕದ ಜಾಗದಲ್ಲಿ ಮುಟ್ಟಲಿಲ್ಲ. ಕಿತ್ತದ್ದರಿಂದ ಮುಂದಿನ ವರ್ಷಗಳ ಬೆಳೆ ಕಡಿಮೆಯಾಗಲಿಲ್ಲ. ಆದರೆ ಜನ ನೆಲ ತುಳಿದ ಕಡೆ ಏಳುವ ಅಣಬೆ ಕಡಿಮೆಯಾಯಿತು. ಅವರ ಕಾಡು ಬೇರೆ, ಅಲ್ಲಿ ಗೆದ್ದಲಿನ ಹುತ್ತ ಇಲ್ಲ. ಆದರೂ ಅಜ್ಜಿ ಹುತ್ತದ ಹತ್ತಿರ ಹೋದಾಗ ಚಪ್ಪಲಿ ಬಿಡಿಸುತ್ತಿದ್ದದ್ದು, "ಸುತ್ತ ತುಳೀಬ್ಯಾಡ, ಒಂದೇ ಕಡೆ ನಿಂತ್ಕೋ" ಅನ್ನುತ್ತಿದ್ದದ್ದು ನೆನಪಾಯಿತು. ಬಲಿತು ಅರಳಿದ್ದನ್ನು ಅವಳು ಕೀಳುತ್ತಿರಲಿಲ್ಲ. ಅದಕ್ಕೆ ಕಾರಣ ರುಚಿ ಅಂತಲೇ ಹೇಳುತ್ತಿದ್ದಳು, ಬೇರೇನೂ ಅಲ್ಲ.

ಇಷ್ಟೆಲ್ಲ ಬರೆದು ಮುಖ್ಯ ವಿಷಯ ಮುಂದೂಡುತ್ತಿದ್ದೇನೆ. ಅಜ್ಜಿಯ ದೊಡ್ಡ ಹುತ್ತ ಕಾಡಿನಲ್ಲಿ ಇರಲಿಲ್ಲ. ಕಾಡಿನಂಚಿಗೆ ಹೊಂದಿಕೊಂಡಿದ್ದ ನಮ್ಮದೇ ರಾಗಿ ಹೊಲದ ಬದುವಿನ ಮೇಲೆ, ಹೊಂಗೆ ಮರದ ಬುಡದಲ್ಲಿತ್ತು. ನನ್ನ ಎದೆಯ ಎತ್ತರ. ಮೊದಲ ಮಳೆಗೆ ಅದರಿಂದಲೇ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಏಳುತ್ತಿತ್ತು, ದೀಪ ಇಟ್ಟು ಹಿಡಿದು ಹುರಿದು ಪುರಿಯ ಜೊತೆ ತಿನ್ನುತ್ತಿದ್ದೆವು. ಆಮೇಲೆ ಅಣಬೆ. ನಾಗರ ಪಂಚಮಿಗೆ ಅದಕ್ಕೇ ತನಿ ಎರೆಯುತ್ತಿದ್ದೆವು. 2016ರಲ್ಲಿ ತಮ್ಮ ಬೋರ್ ಕೊರೆಸಿದ, ನೀರು ಬಿತ್ತು, ಅಡಿಕೆ ಹಾಕೋಣ ಅಂದ. ನಾನೂ ಹೂಂ ಅಂದೆ. ದುಡ್ಡಿನಲ್ಲಿ ನನ್ನ ಪಾಲೂ ಇತ್ತು. ಬದು ಒಡೆದು ಹೊಲ ಸಮ ಮಾಡಲು ಜೆಸಿಬಿ ತರಿಸಿದೆವು.

ಡ್ರೈವರ್ ಹುಡುಗ ಉತ್ತರ ಕರ್ನಾಟಕದವನು. ಹುತ್ತ ನೋಡಿ ಕೆಳಗಿಳಿದ. ಚಪ್ಪಲಿ ಬಿಟ್ಟು ಕೈ ಮುಗಿದ. ಊದುಬತ್ತಿ ಇದೆಯಾ ಅಂತ ಕೇಳಿದ. ಹಚ್ಚಿದ ಮೇಲೆ ಹತ್ತಿ ಕೂತು ಒಂದೇ ಏಟಿಗೆ ಬಕೆಟ್ ಇಳಿಸಿದ.

ಕರಡಿಯೂ ಹುತ್ತ ಬಗೆಯುತ್ತದೆ. ನಮ್ಮ ಜಿಲ್ಲೆಯ ಬೆಟ್ಟಗಳಲ್ಲಿ ಕರಡಿ ಇದೆ. ಅದರ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇರುವುದೇ ಇಲ್ಲ, ಆ ಸಂದಿಯಿಂದ ಗೆದ್ದಲನ್ನು ಕೊಳವೆಯ ಹಾಗೆ ಹೀರುತ್ತದೆ. ಹೊಟ್ಟೆ ತುಂಬಿದರೆ ಹೋಗುತ್ತದೆ. ಗೆದ್ದಲು ರಾತ್ರಿಯೇ ರಿಪೇರಿ ಶುರು ಮಾಡುತ್ತದೆ. ಜೆಸಿಬಿ ತೋಡಿದ್ದು ಆರಡಿ. ಮಣ್ಣಿನ ಜೊತೆ ಬಿಳಿ ಸ್ಪಂಜಿನಂಥ ಉಂಡೆಗಳು ಬಂದು ಬಿಸಿಲಿಗೆ ಬಿದ್ದವು. ಅದೇನು ಅಂತ ಆಗ ನನಗೆ ಗೊತ್ತಿರಲಿಲ್ಲ. ಕಾಲಲ್ಲಿ ಒಂದನ್ನು ಒಡೆದು ನೋಡಿದೆ.

ಸಾಯಂಕಾಲ ಅಜ್ಜಿಯನ್ನು ಹೊಲಕ್ಕೆ ಕರೆದುಕೊಂಡು ಬಂದೆವು. ಸುತ್ತ ನೋಡಿದಳು. ಬೈಯಲಿಲ್ಲ. "ಹುತ್ತ ಎಲ್ಲಿಕ್ಕಿದ್ರಿ?" ಅಂತ ಕೇಳಿದಳು, ಒಲೆಯ ಮೇಲಿದ್ದ ಪಾತ್ರೆ ಎಲ್ಲಿಟ್ಟಿರಿ ಅನ್ನುವ ಹಾಗೆ. ಯಾರೂ ಮಾತಾಡಲಿಲ್ಲ. ಮುಂದಿನ ಎರಡು ನಾಗರ ಪಂಚಮಿಗೂ ಅವಳು ಹಾಲು ಎರೆದದ್ದು ಅಡಿಕೆಯ ಎರಡನೇ ಸಾಲಿನ ಒಂದು ಗಿಡದ ಬುಡಕ್ಕೆ.

ಕಾಡು ಉಳಿಸಿ ಅನ್ನುವ ಸಭೆಗಳಿಗೆ ನಾನು ಹೋಗುತ್ತೇನೆ. ಬೀಜದುಂಡೆ ಕಟ್ಟಿದ್ದೇನೆ. ಆಗೆಲ್ಲ ನಾವು ಮಾತಾಡುವುದು ಬೇಲಿಯ ಆಚೆಯ ಕಾಡಿನ ಬಗ್ಗೆ, ಅಲ್ಲಿಗೆ ಹೋಗುವ ಮಂಕರಿಯ ಹೆಂಗಸರ ಬಗ್ಗೆ. ಬೇಲಿಯ ಈಚೆ ಬದು, ಗೋಮಾಳ, ಹುಣಸೆ ತೋಪಿನಲ್ಲಿ ಎಷ್ಟು ಕಾಡಿತ್ತು ಅನ್ನುವುದನ್ನು ಯಾರೂ ಲೆಕ್ಕ ಇಟ್ಟಿಲ್ಲ. ನಾನು ಎದ್ದು ನಿಂತು ಹೇಳಬೇಕು ಅಂದುಕೊಳ್ಳುತ್ತೇನೆ. ಹುತ್ತದಿಂದ ಬಂದು ಬಿದ್ದಿದ್ದ, ನಾನು ಕಾಲಲ್ಲಿ ಒಡೆದ ಆ ಉಂಡೆ ನೆನಪಾಗಿ ಕೂತುಬಿಡುತ್ತೇನೆ.

ಹೋದ ತಿಂಗಳು ತಮ್ಮ ಫೋನ್ ಮಾಡಿದ.

"ಅಕ್ಕಾ, ಅಡಿಕೆಗೆ ಗೆದ್ದಲು ಹತ್ತೈತೆ."

"ಯಾವ ಸಾಲು?"

"ಎರಡನೇದು. ಬುಡದಾಗೆ ಮಣ್ಣು ಎಬ್ಬಿಸೈತೆ, ಗೇಣುದ್ದ."

ಭಾನುವಾರ ಹೋಗಿ ನೋಡಿದೆ. ನಿಜವೇ. ಕೆಂಪು ಮಣ್ಣು, ಇನ್ನೂ ಹಸಿ. ಅದೇ ಹಳೆಯ ಗೂಡಿನದೋ, ಹೊಸದಾಗಿ ರೆಕ್ಕೆ ಕಳಚಿ ಇಳಿದ ಜೋಡಿಯದೋ ಹೇಗೆ ಹೇಳುವುದು? ಗಿಡದ ತೊಗಟೆಗೆ ಏನೂ ಆಗಿರಲಿಲ್ಲ, ಬುಡದಲ್ಲಿ ಬಿದ್ದಿದ್ದ ಒಣ ಸೋಗೆಯನ್ನು ಮಾತ್ರ ತಿಂದಿತ್ತು. ತಮ್ಮನಿಗೆ ತೋರಿಸಿದೆ. ಸೋಗೆ ತಿನ್ನಲಿ ಬಿಡೋ, ಗಿಡಕ್ಕೆ ಬಂದರೆ ನೋಡೋಣ ಅಂದೆ. "ನಿಂಗೇನಕ್ಕ, ತುಮಕೂರಲ್ಲಿರ್ತೀಯ" ಅಂದ. ಅದೂ ನಿಜವೇ. ಪೇಟೆಯಿಂದ ಗೆದ್ದಲು ಕೊಲ್ಲುವ ಔಷಧಿ ಕ್ಲೋರೋಪೈರಿಫಾಸ್ ತಂದಿಟ್ಟಿದ್ದಾನೆ, ಪಂಪ್ ಮನೆಯ ಗೂಡಿನಲ್ಲಿದೆ, ಒಂದು ಲೀಟರ್. ಆರಿದ್ರ ಮುಗಿಯುವವರೆಗೆ ತಡಿ ಅಂತ ಕೇಳಿದ್ದೇನೆ. ಅವನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ನಿನ್ನೆ ರಾತ್ರಿ ಗುಡುಗಿತು. ಬೆಳಿಗ್ಗೆ ಫೋನ್ ಮಾಡಿದಾಗ ಬಾಟಲಿಯ ಸೀಲ್ ಇನ್ನೂ ಒಡೆದಿಲ್ಲ ಅಂದ.